ಹಲ್ಲಕ್ಕ ಬರೆಯದೆ ಬಿಟ್ಟ ಸಾಲು

ನಮ್ಮ ಅತ್ತಿಗೆಗೆ ಹೆತ್ತವರು ಇಟ್ಟ ಹೆಸರೊಂದಿದೆ. ಅದು ಮತದಾರರ ಪಟ್ಟಿಯಲ್ಲಿ ಬಿಟ್ಟರೆ ಬೇರೆಲ್ಲೂ ಚಲಾವಣೆಯಲ್ಲಿ ಇಲ್ಲ. ನಮ್ಮ ಬೀದಿಗೂ ಅದರ ಆಚೆಯ ನಾಲ್ಕು ಬೀದಿಗಳಿಗೂ ಅವರು ಹಲ್ಲಕ್ಕ. ಇಪ್ಪತ್ತೊಂದು ವರ್ಷ ಒಂದೇ ಹಲ್ಲಿನ ದವಾಖಾನೆಯಲ್ಲಿ, ಒಂದೇ ಕುರ್ಚಿಯ ಎಡಗಡೆ, ಒಬ್ಬರೇ ಡಾಕ್ಟರ ಜೊತೆ ನಿಂತು ಕೆಲಸ ಮಾಡಿದವರು. ಅಣ್ಣ ಮದುವೆಯಾಗಿ ಅವರನ್ನು ಮನೆಗೆ ಕರೆತಂದಾಗ ನಾನು ಇನ್ನೂ ಓದುತ್ತಿದ್ದೆ. ಬಂದ ಮೂರನೇ ದಿನವೇ, "ಪುಟ್ಟೀ, ಬಾಯಿ ತೆಗಿ ನೋಡೋಣ" ಎಂದು ನನ್ನ ದವಡೆಯಲ್ಲಿದ್ದ ಎರಡು ಹುಳುಕನ್ನು ಪತ್ತೆ ಹಚ್ಚಿದ್ದರು. ಅತ್ತಿಗೆ ನಾದಿನಿಯರ ಸ್ನೇಹ ಶುರುವಾಗುವುದಕ್ಕೆ ಅದು ಅಂಥ ಒಳ್ಳೆಯ ದಾರಿಯೇನಲ್ಲ. ಆದರೂ ಶುರುವಾಯಿತು.

ದವಾಖಾನೆ ಇದ್ದದ್ದು ಚಪ್ಪಲಿ ಅಂಗಡಿಯೊಂದರ ಮೇಲೆ. ಹದಿನಾಲ್ಕು ಮೆಟ್ಟಿಲು, ಮಸುಕು ಗಾಜಿನ ಬಾಗಿಲು, ಐದು ಜನ ಒತ್ತಿಕೊಂಡು ಕೂರುವ ಬೆಂಚು, ಒಳಗೊಂದು ಕುರ್ಚಿ, ಅದರ ಮೇಲೆ ಬಾಗಿದ ದೀಪ. ಚೀಟಿ ಬರೆಯುವವರು, ಫೋನು ಎತ್ತುವವರು, ಉಪಕರಣ ತೊಳೆದು ಬೇಯಿಸುವವರು, ಬಾಯಿಯ ಉಗುಳು ಹೀರುವ ಕೊಳವೆ ಹಿಡಿಯುವವರು ಎಲ್ಲ ಅತ್ತಿಗೆಯೇ. ಹೊತ್ತು ಗೊತ್ತು ಮಾಡಿಕೊಂಡು ಬರುವವರ ಲೆಕ್ಕ ಬೇರೆ. ಗೊತ್ತು ಮಾಡಿಕೊಳ್ಳದೆ ಕೆನ್ನೆ ಹಿಡಿದು ಓಡಿ ಬರುವವರು ಮಾತ್ರ ಪೂರ್ತಿಯಾಗಿ ಅವರ ಪಾಲು. ಯಾರನ್ನು ಮೊದಲು ಒಳಗೆ ಬಿಡಬೇಕು, ಯಾರು ಬರಿಯ ಗಾಬರಿ, ಯಾರು ನಿಜವಾಗಿ ಅಪಾಯ ಎಂಬುದನ್ನು ಅವರು ಬಾಗಿಲಲ್ಲೇ ಅಳೆಯುತ್ತಿದ್ದರು. "ಕೂಗಾಡೋರು ಕಾಯ್ತಾರೆ ಪುಟ್ಟಿ, ಸುಮ್ನೆ ಕೂತಿರೋರನ್ನ ನೋಡ್ಬೇಕು" ಎನ್ನುತ್ತಿದ್ದರು.

ಒಮ್ಮೆ ಆರಡಿ ಎತ್ತರದ, ಗಿರಿಜಾ ಮೀಸೆಯ ಪೊಲೀಸಪ್ಪನೊಬ್ಬ ಸೂಜಿ ಕಂಡದ್ದೇ ಬಿಳಿಚಿಕೊಂಡು ವಾಲಿದ. ಡಾಕ್ಟರು ತಿರುಗಿ ನೋಡುವಷ್ಟರಲ್ಲಿ ಅತ್ತಿಗೆ ಕುರ್ಚಿಯನ್ನು ಮಲಗಿಸಿ, ಅವನ ಬೂಟುಕಾಲನ್ನು ಸ್ಟೂಲಿನ ಮೇಲೆತ್ತಿ, ಕಾಲರ್ ಗುಂಡಿ ಬಿಚ್ಚಿ ಆಗಿತ್ತು. ಎಚ್ಚರವಾದವನು ಕೇಳಿದ ಮೊದಲ ಮಾತು, "ಸ್ಟೇಷನ್ನಲ್ಲಿ ಯಾರಿಗೂ ಹೇಳಲ್ಲ ತಾನೇ?"

ಇನ್ನೊಮ್ಮೆ ಒಬ್ಬ ತಂದೆಯ ಫೋನು. ಮಗಳು ಸೈಕಲ್ಲಿಂದ ಬಿದ್ದು ಮುಂದಿನ ಹಲ್ಲು ಬೇರುಸಹಿತ ಕಿತ್ತು ಕೈಗೆ ಬಂದಿದೆ, ತಿಕ್ಕಿ ತೊಳೆಯಲೇ ಎಂದು ಕೇಳುತ್ತಿದ್ದ. "ಬೇರು ಮುಟ್ಟಲೇಬೇಡಿ! ಮನೇಲಿ ಹಾಲಿದೆಯಾ? ಹಾಲಲ್ಲಿ ಹಾಕ್ಕೊಂಡು ಓಡಿ ಬನ್ನಿ, ಒಂದು ಗಂಟೆ ಒಳಗೆ ಇಲ್ಲಿರ್ಬೇಕು" ಎಂದರು ಅತ್ತಿಗೆ. ಅವನು ಮನೆಯ ಹಾಲಿನ ಪಾತ್ರೆಯನ್ನೇ ಎತ್ತಿಕೊಂಡು, ಅರ್ಧವನ್ನು ಮೆಟ್ಟಿಲ ಮೇಲೆ ಚೆಲ್ಲುತ್ತ ಬಂದ. ಡಾಕ್ಟರು ಹಲ್ಲನ್ನು ಅದರ ಗೂಡಿಗೇ ಕೂರಿಸಿ ಪಕ್ಕದ ಹಲ್ಲುಗಳಿಗೆ ಕಟ್ಟಿದರು. ಆ ಹುಡುಗಿ ಈಗ ಕಾಲೇಜಿಗೆ ಹೋಗುತ್ತಾಳೆ. ಹಲ್ಲು ಅಲ್ಲೇ ಇದೆ.

ಇದನ್ನೆಲ್ಲ ಅತ್ತಿಗೆ ಕಲಿತದ್ದು ಡಾಕ್ಟರಿಂದಲೇ. ಹತ್ತನೇ ತರಗತಿ ಓದಿದ್ದ, ಹತ್ತೊಂಬತ್ತು ವರ್ಷದ ಹುಡುಗಿಯನ್ನು ಕೆಲಸಕ್ಕೆ ಇಟ್ಟುಕೊಂಡ ಡಾಕ್ಟರು, ರೋಗಿಗಳಿಲ್ಲದ ಮಧ್ಯಾಹ್ನಗಳಲ್ಲಿ ಚೀಟಿಗಳ ಹಿಂಬದಿಯಲ್ಲಿ ದವಡೆಯ ಚಿತ್ರ ಬರೆದು ಪಾಠ ಹೇಳಿದರು. ಕೀವು ಎಲ್ಲಿಂದ ಎಲ್ಲಿಗೆ ಇಳಿಯುತ್ತದೆ, ಯಾವ ಬಾವು ಮಾತ್ರೆಗೆ ಬಗ್ಗುತ್ತದೆ, ಯಾವುದು ಬಗ್ಗುವುದಿಲ್ಲ ಎಲ್ಲವನ್ನೂ. ಗದ್ದದ ಕೆಳಗೆ ಎರಡೂ ಕಡೆ ಹಲಗೆಯಂತೆ ಗಟ್ಟಿಯಾಗಿ, ನಾಲಿಗೆ ಮೇಲೆದ್ದು, ಉಗುಳು ನುಂಗಲಾಗದೆ ಬಂದವನನ್ನು ಕುರ್ಚಿಯಲ್ಲೂ ಕೂರಿಸಬೇಡ, ನೇರ ದೊಡ್ಡಾಸ್ಪತ್ರೆಗೆ ಕಳಿಸು, ಉಸಿರುದಾರಿ ಮುಚ್ಚಿಕೊಳ್ಳುತ್ತದೆ ಎಂದು ಹೇಳಿಕೊಟ್ಟವರೂ ಅವರೇ. ಅತ್ತಿಗೆಗೆ ಡಾಕ್ಟರು ಹೇಳಿದ್ದೇ ವೇದ. ಅತ್ತಿಗೆಯ ತಾಯಿ ಕೊನೆಯುಸಿರೆಳೆಯುವಾಗ ದವಾಖಾನೆ ಮುಚ್ಚಿ ಇಡೀ ದಿನ ಆಸ್ಪತ್ರೆಯ ಹಜಾರದಲ್ಲಿ ನಿಂತಿದ್ದರಂತೆ ಅವರು. "ಒಡಹುಟ್ಟಿದ ಅಣ್ಣನೂ ಹಾಗೆ ನಿಲ್ತಿರ್ಲಿಲ್ಲ" ಎಂದು ಅತ್ತಿಗೆ ನನಗೆ ಎಷ್ಟು ಸಲ ಹೇಳಿದ್ದಾರೋ.

ಅದಾದದ್ದು ಒಂದು ಶನಿವಾರ. ಡಾಕ್ಟರು ಬೇರೆ ಊರಿನಲ್ಲಿ ನಡೆಯುವ ದಂತವೈದ್ಯರ ಸಮ್ಮೇಳನಕ್ಕೆ ಹೊರಟಿದ್ದರು. ಅವರದ್ದೇ ಉಪನ್ಯಾಸ: ಹಲ್ಲಿನ ತುರ್ತು ಪರಿಸ್ಥಿತಿಗಳನ್ನು ದವಾಖಾನೆಯಲ್ಲಿ ನಿಭಾಯಿಸುವುದು ಹೇಗೆ. ವಾರವಿಡೀ ಅತ್ತಿಗೆಯನ್ನು ಬೆಂಚಿನ ಮೇಲೆ ಕೂರಿಸಿ, ಗೋಡೆಯ ಮೇಲೆ ಚಿತ್ರ ಬಿಟ್ಟು, ಓದಿ ಓದಿ ಅಭ್ಯಾಸ ಮಾಡಿದ್ದರು. ಅದಕ್ಕಾಗಿಯೇ ಹೊಸ ಕೋಟು ಹೊಲಿಸಿದ್ದರು. ಮಧ್ಯಾಹ್ನ ಬರಬೇಕಾದವರಿಗೆಲ್ಲ ಬೇಡವೆಂದು ಹೇಳಿಯಾಗಿತ್ತು. ಮೂರೂಕಾಲಿಗೆ ರೈಲು. ಎರಡೂವರೆಗೆ ಕೋಟು ತೊಟ್ಟು, ಚೀಲವನ್ನು ಬಾಗಿಲ ಬಳಿ ಇಟ್ಟುಕೊಂಡು ನಿಂತಿದ್ದರು. ಆಗ ಟೈಲರ್ ಮೆಟ್ಟಿಲು ಹತ್ತಿ ಬಂದ.

ನಮ್ಮ ಬೀದಿಯ ತುದಿಯಲ್ಲಿ ಅವನ ಅಂಗಡಿ, ಅದರ ಹಿಂದೆಯೇ ಮನೆ. ಮೂವತ್ತರ ಆಸುಪಾಸಿನವನು, ಮಾತುಗಾರ. ಅವತ್ತು ಮಾತಿಲ್ಲ. ಒಬ್ಬನೇ ಬಂದಿದ್ದ, ಹೆಂಡತಿ ಕೈಗೂಸಿನ ಜೊತೆ ಮನೆಯಲ್ಲಿದ್ದಳು. ಕೆಳಗಿನ ಬುದ್ಧಿಹಲ್ಲು ವಾರದಿಂದ ನೋಯುತ್ತಿತ್ತಂತೆ, ಔಷಧಿ ಅಂಗಡಿಯ ಮಾತ್ರೆ ನುಂಗಿ ತಳ್ಳಿದ್ದ. ಬಾಯಲ್ಲಿ ಬಿಸಿಯದೇನನ್ನೋ ಇಟ್ಟುಕೊಂಡವನ ಹಾಗೆ ಮಾತಾಡುತ್ತಿದ್ದ. ಕತ್ತರಿಸಿ ಉಳಿದ ಬಟ್ಟೆಯ ತುಂಡಿನಿಂದ ಕಟವಾಯಿ ಒರೆಸುತ್ತಲೇ ಇದ್ದ. ಅತ್ತಿಗೆ ಅವನ ಗದ್ದದ ಕೆಳಗೆ ಬೆರಳಿಟ್ಟು ನೋಡಿದರು. ಬೆರಳು ಇಳಿಯಲಿಲ್ಲ.

"ಸಾರ್, ಒಂದು ನಿಮಿಷ ಬನ್ನಿ."

ಡಾಕ್ಟರು ಕೋಟಿನಲ್ಲೇ ಬಂದು, ಕೈಗವಸು ಹಾಕಿಕೊಂಡು, ಒಂದು ಬೆರಳಗಲ ಮಾತ್ರ ತೆರೆದ ಬಾಯೊಳಗೆ ಬೆರಳು ತೂರಿಸಿ ನೋಡಿದರು. "ಬುದ್ಧಿಹಲ್ಲಿನ ಕೀವು. ಕಪಾಟಲ್ಲಿರೋ ಮಾತ್ರೆ ಐದು ದಿನಕ್ಕೆ ಕೊಡು. ಸೋಮವಾರ ಬರ್ಲಿ, ತೆಗೆದುಬಿಡೋಣ."

ಅತ್ತಿಗೆ ದನಿ ತಗ್ಗಿಸಿ ಹೇಳಿದರು: "ಸಾರ್, ಎರಡೂ ಕಡೆ ಗಟ್ಟಿಯಾಗಿದೆ. ನಾಲಿಗೆ ಎದ್ದಿದೆ. ಉಗುಳು ನುಂಗ್ತಾ ಇಲ್ಲ. ದೊಡ್ಡಾಸ್ಪತ್ರೆಗೆ ಕಳಿಸೋದು ಬೇಡ್ವಾ?"

"ಅಷ್ಟು ದೂರ ಹೋಗಿಲ್ಲ ಇದು."

"ನಿಮ್ಮ ಉಪನ್ಯಾಸದ ಆರನೇ ಚಿತ್ರ ಇದೇ ಅಲ್ವಾ ಸಾರ್?"

ಡಾಕ್ಟರು ಗಡಿಯಾರ ನೋಡಿಕೊಂಡರು. "ಅಲ್ಲಿಗೆ ಕಳಿಸಿದ್ರೆ ಫೋನು ಮಾಡ್ಬೇಕು, ಕಾಗದ ಬರೀಬೇಕು, ಅವರು ನೂರೆಂಟು ಕೇಳ್ತಾರೆ. ನನ್ನ ರೈಲು ಹೋಗುತ್ತೆ. ಡಾಕ್ಟ್ರು ನಾನೋ ನೀನೋ?" ಬೈಗುಳದ ಧಾಟಿಯಲ್ಲಿ ಅಲ್ಲ, ನಗುತ್ತಲೇ ಹೇಳಿದ್ದು. ರೋಗಿಯ ಕಾರ್ಡಿನಲ್ಲೂ ಏನೂ ಬರೆಯಲಿಲ್ಲ. "ಬಂದ್ಮೇಲೆ ಬರೀತೀನಿ, ಎತ್ತಿಟ್ಟಿರು" ಎಂದು ಚೀಲ ಎತ್ತಿಕೊಂಡು ಇಳಿದು ಹೋದರು.

ಅತ್ತಿಗೆ ಮಾತ್ರೆಗಳನ್ನು ಲಕೋಟೆಗೆ ಹಾಕಿ ಟೈಲರನ ಕೈಗೆ ಕೊಟ್ಟರು. ಒಂದು ಚೀಟಿಯಲ್ಲಿ ತಮ್ಮ ಮನೆಯ ಫೋನ್ ನಂಬರು ಬರೆದುಕೊಟ್ಟು, "ಉಸಿರು ಸ್ವಲ್ಪ ಕಷ್ಟ ಅನ್ನಿಸಿದ್ರೂ ಕಾಯ್ಬೇಡಪ್ಪ. ಸೀದಾ ದೊಡ್ಡಾಸ್ಪತ್ರೆಗೆ ಹೋಗು, ನನಗೂ ಫೋನು ಮಾಡ್ಸು" ಎಂದರು. ಅವನು ತಲೆಯಾಡಿಸಿ ಹೋದ. ಆ ಸಂಜೆ ಅತ್ತಿಗೆ ಮನೆಗೆ ಬಂದು ಕೂತಿದ್ದರು. ನಾನು ಏನು ಕೇಳಿದರೂ ಎರಡು ಸಲ ಕೇಳಬೇಕಾಗಿತ್ತು.

ಭಾನುವಾರ ಬೆಳಗ್ಗೆ ಎಂಟಕ್ಕೆ ಫೋನು ಬಂತು. ಟೈಲರನ ಹೆಂಡತಿ ಅಳುತ್ತಿದ್ದಳು. ಅತ್ತಿಗೆ ಆಂಬುಲೆನ್ಸಿಗೆ ಫೋನು ಮಾಡುವಂತೆ ಅಣ್ಣನಿಗೆ ಕೂಗಿ ಹೇಳಿ, ಬರಿಗಾಲಲ್ಲೇ ಓಡಿದರು. ಅಂಗಡಿಯ ಹಿಂದಿನ ಕೋಣೆಯಲ್ಲಿ ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಅವನನ್ನು ಮಲಗಿಸಲು ಅಕ್ಕಪಕ್ಕದ ಮೂವರು ಹೆಣಗುತ್ತಿದ್ದರು. ಅವನು ಕೈಕಾಲು ಬಡಿಯುತ್ತಿದ್ದ. ತುಟಿ ನೀಲಿಗೆ ತಿರುಗಿತ್ತು. "ಮಲಗಿಸ್ಬೇಡಿ! ಕೂರ್ಸಿ, ಮುಂದಕ್ಕೆ ಬಾಗಿಸಿ, ಜೊಲ್ಲು ಸುರೀಲಿ ಬಿಡಿ!" ಅತ್ತಿಗೆಯ ಕೂಗು ಬೀದಿಗೆ ಕೇಳಿಸಿತಂತೆ. ಆಂಬುಲೆನ್ಸಿನಲ್ಲೂ ಅದೇ ಜಗಳ. ಅಲ್ಲಿಯವನು ನಿಯಮದ ಪ್ರಕಾರ ಮಲಗಿಸಿ ಬೆಲ್ಟು ಕಟ್ಟಬೇಕು ಅಂದ. "ನಿಮ್ಮ ನಿಯಮಕ್ಕೆ ಉಸಿರಾಡೋಕೆ ಬರುತ್ತಾ?" ಎಂದು ಕೇಳಿ, ದಾರಿಯುದ್ದಕ್ಕೂ ಟೈಲರನ ಬೆನ್ನಿಗೆ ತಮ್ಮ ಭುಜ ಕೊಟ್ಟು ಕೂತರು. ಆಸ್ಪತ್ರೆಯಲ್ಲಿ ಬಾಯಿಂದ ಕೊಳವೆ ಇಳಿಸಲು ದಾರಿಯೇ ಇರಲಿಲ್ಲ. ಕುತ್ತಿಗೆಯಲ್ಲಿ ರಂಧ್ರ ಮಾಡಿ, ಅದರೊಳಗೆ ಕೊಳವೆ ಇಟ್ಟು ಉಸಿರು ಕೊಟ್ಟರು. ಆಮೇಲೆ ಗದ್ದದ ಕೆಳಗೆ ಕೊಯ್ದು ಕೀವು ಹರಿಸಿದರು. ಬದುಕಿದ, ಆದರೆ ಮಾತಿಲ್ಲ; ಮೊದಲ ಹತ್ತು ದಿನ ಎಚ್ಚರವೂ ಇಲ್ಲ.

ಸೋಮವಾರ ಡಾಕ್ಟರು ವಾಪಸಾದರು. ಅತ್ತಿಗೆ ಹೇಳಿದ್ದನ್ನೆಲ್ಲ ತಲೆ ತಗ್ಗಿಸಿ ಕೇಳಿದರು. ಆಮೇಲೆ ತಾವೇ ಒಳಗೆ ಹೋಗಿ ಚಹಾ ಮಾಡಿ ತಂದು ಅವರ ಮುಂದಿಟ್ಟರು. ಇಪ್ಪತ್ತೊಂದು ವರ್ಷದಲ್ಲಿ ಅದು ಮೊದಲ ಸಲ.

"ನೀನು ಅವನ ಜೀವ ಉಳಿಸಿದೆ ಕಣಮ್ಮ. ಈಗ ಆಸ್ಪತ್ರೆಯವರು ಕೇಳ್ತಾರೆ, ವೈದ್ಯರ ಮಂಡಳಿಯವರೂ ಕೇಳ್ಬಹುದು. ಜ್ಞಾಪಕ ಹಸಿಯಾಗಿರೋವಾಗ್ಲೇ ಬರೆದಿಟ್ಟುಬಿಡೋಣ. ನೀನು ಮಾಡಿದ್ದಷ್ಟೇ ನೀನು ಬರಿ, ನಾನು ಮಾಡಿದ್ದು ನಾನು ಬರೀತೀನಿ. ಒಬ್ಬರದ್ದನ್ನ ಇನ್ನೊಬ್ಬರು ಬರೆದ್ರೆ ಗೊಂದಲ ಆಗುತ್ತೆ."

ನ್ಯಾಯವಾದ ಮಾತೇ. ಅತ್ತಿಗೆ ದುಂಡಗಿನ ಅಕ್ಷರದಲ್ಲಿ ಆರು ಸಾಲು ಬರೆದರು. ಡಾಕ್ಟರು ಓದಿ, ಮೂರನೇ ಸಾಲಿನ ಕೆಳಗೆ ಬೆರಳಿಟ್ಟರು. 'ಡಾಕ್ಟರು ಬಾಯಿ ಪರೀಕ್ಷೆ ಮಾಡಿ ಹೇಳಿದಂತೆ' ಎಂದಿತ್ತು ಅಲ್ಲಿ. "ಇದು ನನ್ನ ಭಾಗಕ್ಕೆ ಬರುತ್ತಲ್ವಾ? ಇದೊಂದು ಬಿಟ್ಟು ಇನ್ನೊಂದು ಹಾಳೇಲಿ ಶುದ್ಧ ಪ್ರತಿ ಮಾಡಿಬಿಡು." ಅತ್ತಿಗೆ ಮಾಡಿಕೊಟ್ಟರು. 'ರೋಗಿ ಎರಡೂವರೆಗೆ ಬಂದ. ಗದ್ದದ ಕೆಳಗೆ ಬಾವು ಇತ್ತು. ನಾನು ಐದು ದಿನದ ಮಾತ್ರೆ ಕೊಟ್ಟೆ. ಸೋಮವಾರ ಬರಲು ಹೇಳಿದೆ. ಕಷ್ಟವಾದರೆ ಆಸ್ಪತ್ರೆಗೆ ಹೋಗಲು ಹೇಳಿದೆ.' ಕೆಳಗೆ ಸಹಿ. ಒಂದು ಅಕ್ಷರವೂ ಸುಳ್ಳಲ್ಲ.

ಮೂರು ವಾರ ಕಳೆದ ಮೇಲೆ ಒಂದು ಮಧ್ಯಾಹ್ನ ಟೈಲರನ ಹೆಂಡತಿ ನಮ್ಮ ಮನೆಯ ಮೆಟ್ಟಿಲ ಕೆಳಗೆ ನಿಂತು ಕೂಗಿದಳು. ಕಂಕುಳಲ್ಲಿ ಮಗು. "ಡಾಕ್ಟ್ರು ಊರಿಗೆ ಹೋದ್ಮೇಲೆ ನೀನೇ ಡಾಕ್ಟ್ರಾಗಿಬಿಟ್ಟೆಯಂತಲ್ಲ! ನನ್ನ ಗಂಡನ್ನ ಸಾಯ್ಸಿ, ಆಮೇಲೆ ಉಳ್ಸೋ ನಾಟಕ ಆಡಿದ್ಯಾ?"

ಅತ್ತಿಗೆಗೆ ಮೊದಲು ಅರ್ಥವೇ ಆಗಲಿಲ್ಲ. "ಯಾರಮ್ಮ ಹೇಳಿದ್ದು ನಿನಗೆ?"

"ಡಾಕ್ಟ್ರೇ ಹೇಳಿದ್ರು. ಆಸ್ಪತ್ರೆಗೆ ಬಂದು ಕಣ್ಣಲ್ಲಿ ನೀರು ಹಾಕ್ಕೊಂಡು ಹೇಳಿದ್ರು. ನಿನ್ನ ಕೈಬರಹಾನೂ ತೋರ್ಸಿದ್ರು."

ಮಾರನೆಯ ದಿನ ವೈದ್ಯರ ಮಂಡಳಿಯ ಪತ್ರವೂ ಬಂತು. ಒಳಗೆ ಎರಡು ಪ್ರತಿ. ಒಂದು ಅತ್ತಿಗೆಯ ದುಂಡಗಿನ ಐದು ಸಾಲು. ಇನ್ನೊಂದು ಡಾಕ್ಟರ ಟೈಪು ಮಾಡಿಸಿದ ಹೇಳಿಕೆ: ತಾವು ಒಂದೂವರೆಗೇ ದವಾಖಾನೆ ಬಿಟ್ಟದ್ದು, ಈ ರೋಗಿಯನ್ನು ತಾವು ನೋಡಿಯೇ ಇಲ್ಲದ್ದು, ಸಹಾಯಕಿ ತಮ್ಮನ್ನು ಕೇಳದೆ ಔಷಧ ಕೊಟ್ಟದ್ದು, ಎಲ್ಲೆ ಮೀರಬೇಡವೆಂದು ತಾವು ಆಕೆಯನ್ನು ಹಲವು ಸಲ ಎಚ್ಚರಿಸಿದ್ದು. ಅತ್ತಿಗೆ ಮೆಟ್ಟಿಲ ಮೇಲೆ ನಿಂತೇ ಓದಿದರು. ಓದಿದ ಹಾಳೆಯನ್ನು ಮಡಚಿ, ಮತ್ತೆ ಬಿಡಿಸಿ, ಮತ್ತೆ ಓದಿದರು.

ನಾನು ಪಕ್ಕದಲ್ಲೇ ಇದ್ದೆ. ಈಗ ಬರೆಯಲು ನಾಚಿಕೆಯಾಗುವ ಒಂದು ಮಾತನ್ನು ಆಗ ಕೇಳಿಬಿಟ್ಟೆ. "ಅತ್ತಿಗೆ, ನಿಜ ಹೇಳಿ, ಡಾಕ್ಟ್ರು ಇರ್ಲಿಲ್ವಾ? ನೀವೇ ಕೊಟ್ರಾ?"

ಅವರು ನನ್ನ ಮುಖ ನೋಡಿದರು. "ನೀನೂನಾ ಪುಟ್ಟಿ?" ಎಂದರು. ಅಷ್ಟೇ. ಒಳಗೆ ಹೋಗಿ ಅಡುಗೆಮನೆಯ ಬಾಗಿಲು ಹಾಕಿಕೊಂಡರು.

ಸಂಜೆ ಅವರು ದವಾಖಾನೆಗೆ ಹೋದರು. ಹಿಂದಿನ ವಾರವಷ್ಟೇ ಡಾಕ್ಟರು, "ಸ್ವಲ್ಪ ದಿನ ವಿಶ್ರಾಂತಿ ತಗೋ, ಬಳಲಿದ್ದೀಯ" ಎಂದು ಮನೆಗೆ ಕಳಿಸಿದ್ದರು. ಅದನ್ನೂ ಅತ್ತಿಗೆ ಅಕ್ಕರೆಯೆಂದೇ ತಿಳಿದಿದ್ದರು. ಮಸುಕು ಗಾಜಿನ ಬಾಗಿಲು ಗೇಣಗಲ ತೆರೆಯಿತು. "ವಕೀಲ್ರು ನಿನ್ನ ಜೊತೆ ಮಾತಾಡ್ಬೇಡಿ ಅಂದಿದಾರೆ" ಎಂದರು ಡಾಕ್ಟರು. ಬಾಗಿಲು ಸದ್ದಾಗದಂತೆ ಮುಚ್ಚಿಕೊಂಡಿತು. ಬಡಿದು ಮುಚ್ಚಿದ್ದರೆ ಇಷ್ಟು ನೋಯುತ್ತಿರಲಿಲ್ಲ ಎಂದು ಅತ್ತಿಗೆ ಎಷ್ಟೋ ಸಲ ಹೇಳಿದ್ದುಂಟು. ಕುರ್ಚಿಯಲ್ಲಿ ರೋಗಿ ಇರುವಾಗ ಹಾಗೆ ಮೆಲ್ಲಗೆ ಮುಚ್ಚುವುದನ್ನು ಅವರೇ ಡಾಕ್ಟರಿಗೆ ರೂಢಿ ಮಾಡಿಸಿದ್ದರು.

ಬೀದಿಯ ನಾಲಿಗೆಗೆ ಎಲುಬಿಲ್ಲ. ಹತ್ತು ವರ್ಷದಿಂದ ಮಕ್ಕಳ ಹಾಲುಹಲ್ಲು ಅಲುಗಿದರೂ ಓಡಿ ಬರುತ್ತಿದ್ದವರು ಆಚೆ ಬದಿಗೆ ದಾಟಿ ನಡೆದರು. ಮೂಲೆಯಲ್ಲಿ ನಿಲ್ಲುವ ಪಡ್ಡೆಗಳು 'ಹಲ್ಲಕ್ಕ ಅಲ್ಲ, ಕೊಲ್ಲಕ್ಕ' ಎಂದು ಪ್ರಾಸ ಕಟ್ಟಿದರು. ಅಣ್ಣ ಲಿಫ್ಟು ರಿಪೇರಿ ಕೆಲಸದವನು, ಮಾತು ಕಮ್ಮಿ, ಕೈ ಗಟ್ಟಿ. ಒಂದು ದಿನ ಸ್ಪ್ಯಾನರ್ ಹಿಡಿದು ಎದ್ದ. "ಆ ಮನುಷ್ಯನ ಹಲ್ಲು ಉದುರಿಸಿಬಿಡ್ತೀನಿ."

"ಉದುರಿಸಿದ್ರೆ ಹಾಲಲ್ಲಿ ಹಾಕ್ಕೊಂಡು ಓಡ್ಬೇಕಾದವಳು ನಾನೇ. ಕೂತ್ಕೊಳ್ರಿ" ಎಂದರು ಅತ್ತಿಗೆ. ಆ ತಿಂಗಳಲ್ಲಿ ಅವರು ಆಡಿದ ಒಂದೇ ತಮಾಷೆಯ ಮಾತು ಅದು. ಆಮೇಲೆ ಅಳು ಬಂದು ಅಣ್ಣನ ಎದುರಿಗೇ ಕುಸಿದು ಕೂತರು. "ಸುಳ್ಳು ಬರೆದ್ರು ಅಂತಲ್ಲ. ಆ ಸಾಲು ಬಿಡು ಅಂದ್ರೆ ನಾನು ಬಿಡ್ತೀನಿ ಅಂತ ಅವರಿಗೆ ಗೊತ್ತಿತ್ತಲ್ಲ, ಅದು. ನನ್ನ ನಂಬಿಕೇನ ಅಳೆದು ನೋಡ್ಕೊಂಡೇ ಕತ್ತು ಕೊಯ್ದ್ರು."

ಟೈಲರನ ಕುತ್ತಿಗೆಯ ಕೊಳವೆ ತೆಗೆಯಲು ಆರು ವಾರ ಹಿಡಿಯಿತು. ಅಷ್ಟರಲ್ಲಿ ಅವನಿಗೆ ಎಚ್ಚರವಾಗಿತ್ತು, ಆದರೆ ಏನಾಯಿತೆಂದು ಅವನನ್ನು ಯಾರೂ ಕೇಳಿರಲಿಲ್ಲ; ಮನೆಯವರೇ ಅವನಿಗೆ ಹೇಳುತ್ತಿದ್ದರು. ಒಂದು ದಿನ ಹೆಂಡತಿ ಹಾಸಿಗೆಯ ಪಕ್ಕ ಕೂತು ಹಲ್ಲಕ್ಕನಿಗೆ ಹಿಡಿಶಾಪ ಹಾಕುತ್ತಿದ್ದಾಗ ಅವನು ಜೋರಾಗಿ ತಲೆಯಲ್ಲಾಡಿಸಿದ. ಪೆನ್ಸಿಲು ಬೇಕೆಂದು ಸನ್ನೆ ಮಾಡಿದ. ಅವಳ ಚೀಲದಲ್ಲಿದ್ದದ್ದು ಅಂಗಡಿಯ ಅಳತೆ ಪುಸ್ತಕ. ಯಾರದೋ ಎದೆ ಸುತ್ತಳತೆ, ತೋಳುದ್ದಗಳ ನಡುವೆ ಅವನು ಬರೆದ: 'ಡಾಕ್ಟ್ರು ನೋಡಿದ್ರು. ಅಕ್ಕ ಆಸ್ಪತ್ರೆಗೆ ಕಳ್ಸಿ ಅಂದ್ರು. ಅವರು ಬೇಡ ಅಂದ್ರು.'

ಅವಳು ಆ ಪುಸ್ತಕ ಹಿಡಿದು ಬಂದದ್ದನ್ನು ನಾನು ಕಂಡೆ. ಈ ಸಲ ಕೆಳಗೆ ನಿಂತು ಕೂಗಲಿಲ್ಲ. ಮೆಟ್ಟಿಲು ಹತ್ತಿ ಬಂದು, ಅತ್ತಿಗೆಯ ಕೈಗೆ ಪುಸ್ತಕ ಕೊಟ್ಟು, ಗೋಡೆಗೆ ಒರಗಿ ನಿಂತಳು. "ನನ್ನ ಬಾಯಿಗೆ ಮಣ್ಣು ಹಾಕ, ಅಕ್ಕಾ." ಅತ್ತಿಗೆ ಮೂರು ಸಾಲನ್ನು ಓದಿ, "ಅವನು ನುಂಗ್ತಿದಾನಾ ಈಗ? ಗಂಟಲು ಸಲೀಸಾಗಿದೆಯಾ?" ಎಂದು ಕೇಳಿದರು. ಅವಳ ಕಂಕುಳಲ್ಲಿದ್ದ ಮಗುವನ್ನು ಎತ್ತಿಕೊಳ್ಳಲಿಲ್ಲ, ಮುನಿಸು ಪೂರ್ತಿ ಇಳಿದಿರಲಿಲ್ಲ ಎಂದು ಕಾಣುತ್ತದೆ.

ವಿಚಾರಣೆ ನಡೆದದ್ದು ಮಂಡಳಿಯ ಕಚೇರಿಯ ಮೂರನೇ ಮಹಡಿಯ ಉದ್ದನೆಯ ಕೋಣೆಯಲ್ಲಿ. ಮೇಜಿನ ಆಚೆ ಮೂವರು ಹಿರಿಯ ವೈದ್ಯರು; ನಡುವಿನಾಕೆ ಅಧ್ಯಕ್ಷೆ. ಈಚೆ ಡಾಕ್ಟರು, ಅವರ ವಕೀಲರು. ಅತ್ತಿಗೆಯ ಜೊತೆ ನಾನು ಮತ್ತು ಅಣ್ಣ. ಟೈಲರ್ ಕುತ್ತಿಗೆಗೆ ಬಟ್ಟೆ ಸುತ್ತಿಕೊಂಡು ಬಂದಿದ್ದ. ದನಿ ಹರಕು ತಗಡಿನಂತಿತ್ತು, ಪ್ರತಿ ವಾಕ್ಯಕ್ಕೂ ನಿಂತು ಉಸಿರೆಳೆಯಬೇಕು. ಹೇಳಬೇಕಾದ್ದನ್ನು ಹೇಳಿದ.

ವಕೀಲರು ಎದ್ದರು. "ಆಗ ನಿಮಗೆ ವಿಪರೀತ ಜ್ವರ. ಆಮೇಲೆ ಹತ್ತು ದಿನ ಪ್ರಜ್ಞೆಯೇ ಇರಲಿಲ್ಲ. ನಿಮ್ಮ ಬಾಯಿ ನೋಡಿದ್ದು ಡಾಕ್ಟರೇ ಎಂದು ಹೇಗೆ ಹೇಳ್ತೀರಿ? ಸಹಾಯಕಿಯೂ ಇರಬಹುದಲ್ಲ?"

ಟೈಲರ್ ಸ್ವಲ್ಪ ಯೋಚಿಸಿದ. "ಮುಖ ನೋಡ್ಲಿಲ್ಲ ಸ್ವಾಮಿ, ದೀಪ ಕಣ್ಣಿಗೆ ಹೊಡೀತಿತ್ತು. ಬಾಯೊಳಗೆ ಬೆರಳಿಟ್ಟಾಗ ಮೂಗಿನ ಮುಂದೆ ಕಾಣ್ತಿದ್ದದ್ದು ಕೋಟಿನ ತೋಳು. ಬೂದು ಬಣ್ಣದ ಹೊಸ ಕೋಟು. ಯಾರೋ ಕೆಟ್ಟದಾಗಿ ಹೊಲ್ದಿದ್ರು. ಎಡ ತೋಳು ಬಲದ್ದಕ್ಕಿಂತ ಅರ್ಧ ಇಂಚು ಉದ್ದ. ನೋವಲ್ಲೂ ಅಂದ್ಕೊಂಡೆ, ನನ್ನ ಹತ್ರ ಕೊಟ್ಟಿದ್ರೆ ಹೀಗಾಗ್ತಿರ್ಲಿಲ್ಲ ಅಂತ."

ಡಾಕ್ಟರು ಅವತ್ತು ಅದೇ ಬೂದು ಕೋಟು ತೊಟ್ಟಿದ್ದರು. ಅವರಿಗರಿವಿಲ್ಲದೆಯೇ ಅವರ ಬಲಗೈ ಹೋಗಿ ಎಡ ತೋಳಿನ ಅಂಚನ್ನು ಮೇಲಕ್ಕೆಳೆಯಿತು. ಕೋಣೆಯಲ್ಲಿದ್ದವರೆಲ್ಲ ನೋಡಿದರು. ಯಾರೂ ನಗಲಿಲ್ಲ. ಅಧ್ಯಕ್ಷೆ ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, "ಆ ಕೋಟು ಯಾವತ್ತು ಹೊಲಿಸಿದ್ದು ಡಾಕ್ಟರೇ?" ಎಂದು ಕೇಳಿದರು. ಡಾಕ್ಟರು ವಕೀಲರ ಕಡೆ ನೋಡಿದರು.

ಆಮೇಲೆ ಅತ್ತಿಗೆಯ ಸರದಿ. ಅಧ್ಯಕ್ಷೆ ಐದು ಸಾಲಿನ ಹಾಳೆಯನ್ನು ಮುಂದೆ ತಳ್ಳಿದರು. "ಇದು ನೀವು ಬರೆದದ್ದಾ?"

"ಹೌದಮ್ಮ."

"ಇದರಲ್ಲಿ ಡಾಕ್ಟರ ಸುದ್ದಿಯೇ ಇಲ್ಲವಲ್ಲ. ಸುಳ್ಳು ಬರೆದಿರಾ?"

"ಬರೆದದ್ದೆಲ್ಲ ನಿಜ. ಬರೀದೇ ಬಿಟ್ಟದ್ದೂ ನಿಜ. ಅದು ತಮ್ಮ ಭಾಗಕ್ಕೆ ಬರುತ್ತೆ, ತಾವೇ ಬರೀತೀನಿ ಅಂತ ಡಾಕ್ಟ್ರು ಅಂದ್ರು. ನಂಬಿದೆ."

"ಹಾಗಾದರೆ ನಿಮ್ಮ ಕಡೆಯಿಂದ ತಪ್ಪೇನೂ ಇಲ್ಲ ಎನ್ನುತ್ತೀರಿ."

ಇಲ್ಲ ಎನ್ನಲಿ ಎಂದು ನಾನು ಮನಸ್ಸಿನಲ್ಲೇ ಬೇಡಿಕೊಳ್ಳುತ್ತಿದ್ದೆ. ಅತ್ತಿಗೆ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡು ಹೇಳಿದರು: "ಇದೆ. ಆ ಬಾವು ಏನು ಅಂತ ನನಗೆ ಗೊತ್ತಿತ್ತು. ಅವರು ಮೆಟ್ಟಿಲಿಳಿದ ಮೇಲೆ ನಾನೇ ಇವನನ್ನ ಆಟೋ ಹತ್ತಿಸಿ ಆಸ್ಪತ್ರೆಗೆ ಕಳಿಸ್ಬಹುದಿತ್ತು. ಡಾಕ್ಟ್ರು ಬೇಡ ಅಂದ್ಮೇಲೆ ಹೇಗೆ ಅಂತ ಸುಮ್ನಾದೆ. ಅವರ ಮಾತು ದೊಡ್ಡದಾಯ್ತು, ಇವನ ಉಸಿರು ಸಣ್ಣದಾಯ್ತು."

ತೀರ್ಪು ಹದಿನೈದು ದಿನಕ್ಕೆ ಬಂತು. ಡಾಕ್ಟರು ಆರು ತಿಂಗಳು ವೃತ್ತಿ ಮಾಡುವಂತಿಲ್ಲ. ಸಹಾಯಕಿಗೂ ಒಂದು ಎಚ್ಚರಿಕೆ: ಲಿಖಿತ ಆದೇಶವಿಲ್ಲದೆ ಯಾರಿಗೂ ಔಷಧ ಕೊಡಕೂಡದು. ಅಣ್ಣನಿಗೆ ಇದು ಅನ್ಯಾಯವೆನಿಸಿತು. ಅತ್ತಿಗೆ, "ಸರಿಯಾಗೇ ಇದೆ" ಎಂದರು.

ಆದರೆ ಅವರನ್ನು ಮುರಿದದ್ದು ತೀರ್ಪಲ್ಲ. ಅದನ್ನು ಪಡೆಯಲು ಹೋದ ದಿನ ಕಚೇರಿಯ ಹಜಾರದಲ್ಲಿ ಡಾಕ್ಟರು ಎದುರಾದರು. ವಕೀಲರು ಜೊತೆಗಿರಲಿಲ್ಲ. ಇಬ್ಬರ ನಡುವೆ ಎರಡು ಮೊಳ ಜಾಗ. ಕ್ಷಮೆ ಕೇಳುತ್ತಾರೇನೋ ಎಂದು ನನಗನ್ನಿಸಿತು. ಅತ್ತಿಗೆಗೂ ಅನ್ನಿಸಿರಬೇಕು, ಸೆರಗು ಸರಿಮಾಡಿಕೊಂಡು ನಿಂತರು. ಡಾಕ್ಟರ ಕಣ್ಣಲ್ಲಿ ನೀರಿತ್ತು.

"ನಿನ್ನನ್ನ ತಂಗಿ ಅಂದ್ಕೊಂಡಿದ್ದೆ. ಅಕ್ಷರ ಬಿಟ್ರೆ ಬೇರೇನೂ ಬರ್ದೇ ಇದ್ದವಳಿಗೆ ಇಷ್ಟೆಲ್ಲ ಕಲಿಸ್ದೆ. ಆ ಮೂವರ ಮುಂದೆ ನನ್ನ ಮಾನ ಕಳೆದ್ಯಲ್ಲ. ಉಂಡ ಮನೆಗೆ ಎರಡು ಬಗೆದೆ ನೀನು."

ಇಷ್ಟು ಹೇಳಿ ಡಾಕ್ಟರು ಮೆಟ್ಟಿಲಿಳಿದು ಹೋದರು. ಬಸ್ಸಿನಲ್ಲಿ ಅತ್ತಿಗೆ ಕಿಟಕಿಯ ಕಡೆ ಮುಖ ಮಾಡಿಕೊಂಡು ನನಗೆ ಹೇಳಿದರು: "ಅವರು ನಾಟಕ ಆಡ್ತಿರ್ಲಿಲ್ಲ ಪುಟ್ಟಿ. ನಾನೇ ಮೋಸ ಮಾಡ್ದೆ ಅಂತ ನಿಜವಾಗ್ಲೂ ನಂಬಿದಾರೆ. ಸುಳ್ಳು ಹೇಳಿದೋರನ್ನ ಒಂದಲ್ಲ ಒಂದು ದಿನ ಕ್ಷಮಿಸ್ಬಹುದು. ಇದನ್ನ ಏನು ಮಾಡ್ಲಿ?" ನಾನೂ ಒಮ್ಮೆ ಅವರನ್ನು ನಂಬದೆ ಪ್ರಶ್ನೆ ಕೇಳಿದವಳೇ ತಾನೆ. ಸಮಾಧಾನ ಹೇಳುವ ಯೋಗ್ಯತೆ ಎಲ್ಲಿಂದ ಬರಬೇಕು?

ಆರು ತಿಂಗಳು ಆರು ದಿನದಂತೆ ಕಳೆಯಿತು. ದವಾಖಾನೆ ಮತ್ತೆ ತೆರೆಯಿತು, ಕುರ್ಚಿಯ ಎಡಗಡೆ ಬೇರೆ ಯಾರೋ ನಿಂತರು. ಬೆಂಚು ಮತ್ತೆ ತುಂಬಿತು. ನಮ್ಮ ಬೀದಿಯವರೂ ಹೋದರು, ಹಾಲಿನ ಪಾತ್ರೆ ಹೊತ್ತು ಬಂದಿದ್ದ ಆ ತಂದೆಯೂ ಹೋದ. ತಪ್ಪು ಅವರದ್ದಲ್ಲ, ಹಲ್ಲುನೋವಿಗೆ ನ್ಯಾಯ ಅನ್ಯಾಯ ಗೊತ್ತಾಗುವುದಿಲ್ಲ. ಅತ್ತಿಗೆ ಒಂದು ವರ್ಷ ಮನೆಯಲ್ಲೇ ಕೂತರು. ಆಮೇಲೆ ಆ ಅಧ್ಯಕ್ಷೆಯೇ ಹೇಳಿಕಳಿಸಿ, ದಂತ ಆಸ್ಪತ್ರೆಯೊಂದರ ತುರ್ತು ವಿಭಾಗದಲ್ಲಿ ಕೆಲಸಕ್ಕೆ ಸೇರಿಸಿದರು. ಹನ್ನೆರಡು ಕುರ್ಚಿಗಳ ಹಜಾರ. ಅಲ್ಲಿನ ಎಳೆಯ ಡಾಕ್ಟರುಗಳಿಗೆ ಅವರೆಂದರೆ ಸ್ವಲ್ಪ ಭಯ. ಯಾರು ನೋಡಿದರು, ಎಷ್ಟು ಹೊತ್ತಿಗೆ ನೋಡಿದರು, ಏನು ಹೇಳಿದರು ಎಂದು ಕಾರ್ಡಿನಲ್ಲಿ ಬರೆದು ಸಹಿ ಹಾಕುವವರೆಗೆ ಅತ್ತಿಗೆ ಮುಂದಿನ ರೋಗಿಯನ್ನು ಬಿಡುವುದಿಲ್ಲ. ಗದ್ದದ ಕೆಳಗೆ ಬಾವು ಬಂದವರನ್ನು ಯಾರ ಅಪ್ಪಣೆಗೂ ಕಾಯದೆ ತಾವೇ ಗಾಲಿಕುರ್ಚಿಯಲ್ಲಿ ಕೂರಿಸಿ ಪಕ್ಕದ ಕಟ್ಟಡದ ದೊಡ್ಡಾಸ್ಪತ್ರೆಗೆ ತಳ್ಳಿಕೊಂಡು ಹೋಗುತ್ತಾರೆ. ಯಾರಾದರೂ ಪ್ರೀತಿಯಿಂದ "ನೀವು ನಮ್ಮ ಬಲಗೈ" ಎಂದರೆ ಮುಖ ಗಂಟಿಕ್ಕಿಕೊಳ್ಳುತ್ತದೆ.

ಕಳೆದ ತಿಂಗಳು ಅವರದ್ದೇ ಒಂದು ದವಡೆ ಹಲ್ಲು ನೋಯತೊಡಗಿತು. ಆಸ್ಪತ್ರೆಯ ಕುರ್ಚಿಯಲ್ಲೇ ಕೂತರು. ಕನ್ನಡಿ ಹಿಡಿದು ಬಾಯಿ ನೋಡಿದ ಎಳೆಯ ಡಾಕ್ಟರಮ್ಮ ಪಕ್ಕದ ಹಲ್ಲಿನಲ್ಲಿದ್ದ ಹುಳುಕಿಗೆ ತುಂಬಿದ್ದ ಹಳೆಯ ಭರ್ತಿಯನ್ನು ಕಂಡು ಕೆಲಸ ನಿಲ್ಲಿಸಿದಳಂತೆ. "ಅಬ್ಬಾ, ಎಷ್ಟು ಚೆನ್ನಾಗಿ ಕೂರ್ಸಿದಾರೆ! ಹದಿನೈದು ವರ್ಷ ಆಗಿರ್ಬೇಕಲ್ವಾ, ಕೂದಲೆಳೆಯಷ್ಟೂ ಬಿರುಕು ಬಿಟ್ಟಿಲ್ಲ. ಯಾರಮ್ಮ ಮಾಡಿದ್ದು ಇದನ್ನ?"

"ಏನಂದ್ರಿ ಅತ್ತಿಗೆ?" ಎಂದು ಕೇಳಿದೆ.

"ಏನನ್ಲಿ? ಬಾಯಿ ತೆಗೆದಿತ್ತಲ್ಲ" ಎಂದರು. ಕಣ್ಣಲ್ಲಿ ನೀರು ಬಂತಂತೆ. ನೋವಾಗುತ್ತಿದೆ ಎಂದುಕೊಂಡು ಆ ಹುಡುಗಿ ಇನ್ನೊಂದು ಇಂಜೆಕ್ಷನ್ ಕೊಟ್ಟಳು. ಅತ್ತಿಗೆ ಬೇಡ ಅನ್ನಲಿಲ್ಲ.